ಬಿಚ್ಚಿ ಕಟ್ಟಿದ ಪದ್ಮಿನಿ ಏಕೆ ಹೊರಡದು?

ಬೆಳಗಿನ ನಾಲ್ಕು ಗಂಟೆಗೆ ಮುಂಬಯಿಯ ಹೋಟೆಲುಗಳ ಬಾಗಿಲು ಅರ್ಧ ತೆರೆಯುವಾಗ ಮೊದಲನೆಯ ಚಹಾಕ್ಕೆ ಬಂದು ನಿಲ್ಲುತ್ತಿದ್ದವರು ಟ್ಯಾಕ್ಸಿ ಚಾಲಕರು ಎಂಬುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಹೊರಗೆ ದೀಪದ ಕಂಬದ ಕೆಳಗೆ ಅವರ ಕಪ್ಪು-ಹಳದಿ ಪದ್ಮಿನಿಗಳು ಸಾಲಾಗಿ ನಿಂತಿರುತ್ತಿದ್ದವು. ಆ ಸಾಲು ಈಗ ಇಲ್ಲ. 2003ರ ಅಕ್ಟೋಬರ್ 29ರಂದು ತಾರದೇವದ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯಾದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯು, ನಗರದ ಟ್ಯಾಕ್ಸಿಗಳಿಗೆ ವಿಧಿಸಿದ ಇಪ್ಪತ್ತು ವರ್ಷಗಳ ಅವಧಿ ಮುಗಿದುದರಿಂದ, 2023ರ ಅಕ್ಟೋಬರ್ 30ರಂದು ಬಾಡಿಗೆಯ ಕೆಲಸದಿಂದ ನಿವೃತ್ತವಾಯಿತು.

ಟ್ಯಾಕ್ಸಿಗಳು ಹೋದರೂ ಮನೆಯ ಕಾರುಗಳು ಹೋಗಲಿಲ್ಲ. ಕುರ್ಲಾದ ಪ್ರೀಮಿಯರ್ ಕಾರಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಹೊರಬಂದು, 1970ರ ದಶಕದಲ್ಲಿ ಮೊದಲು ಪ್ರೆಸಿಡೆಂಟ್ ಎಂದೂ ಅನಂತರ ಚಿತ್ತೋಡದ ರಾಣಿಯ ಹೆಸರಿನಿಂದ ಪದ್ಮಿನಿ ಎಂದೂ ಕರೆಯಿಸಿಕೊಂಡ ಈ ಗಾಡಿಯನ್ನು ಎಷ್ಟೋ ಸಂಸಾರಗಳು ಮಾರಲು ಮನಸ್ಸು ಬಾರದೆ ಉಳಿಸಿಕೊಂಡಿವೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಬಳಿಕ ಅದನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಕೆಲವು ನಗರಗಳಲ್ಲಿ ಇದಕ್ಕೂ ಮೀರಿದ ನಿರ್ಬಂಧಗಳುಂಟು. ತಪಾಸಣೆಯ ದಿನ ಹತ್ತಿರ ಬರುತ್ತಲೇ ಯಜಮಾನನು ಕೈಯಲ್ಲಿದ್ದ ಹಣವನ್ನೆಲ್ಲ ಕೂಡಿಸಿ, ಹೊಗೆ ಕಾರುವ ಹಳೆಯ ಇಂಜಿನನ್ನು ಗ್ಯಾರೇಜಿಗೆ ಕೊಟ್ಟು ಬಿಚ್ಚಿಸುತ್ತಾನೆ. ಬೋರು ಕೊರೆಯಿಸುತ್ತಾನೆ, ಹೊಸ ಪಿಸ್ಟನು, ಹೊಸ ರಿಂಗು, ಹೊಸ ಬೇರಿಂಗು ಹಾಕಿಸುತ್ತಾನೆ. ಎಲ್ಲವೂ ಮುಗಿದು ಕೀಲಿ ತಿರುಗಿಸಿದರೆ ಇಂಜಿನು ಹೊರಡುವುದಿಲ್ಲ!

ಇಲ್ಲಿಂದ ಮುಂದೆ ಸಾಮಾನ್ಯವಾಗಿ ನಡೆಯುವುದು ಊಹೆಯ ವ್ಯಾಪಾರ. ಕಾಯಿಲು ಬದಲಾಯಿಸಿ ಎನ್ನುತ್ತಾರೆ; ಆಗಲಿಲ್ಲ. ಕಾರ್ಬುರೇಟರು ಬದಲಾಯಿಸಿ ಎನ್ನುತ್ತಾರೆ, ಅದೂ ಆಗಲಿಲ್ಲ. ಕಡೆಗೆ ‘ಇಂಜಿನನ್ನೇ ಇನ್ನೊಮ್ಮೆ ಇಳಿಸಬೇಕು’ ಎಂಬ ಮಾತು ಬರುತ್ತದೆ. ಕುರ್ಲಾದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಹೀಗೆ ಬೇಡವಾದ ಸಾಮಾನು ಕೊಂಡವರು ಎಷ್ಟು ಮಂದಿಯೋ!

ನಮ್ಮ ಗುಮಾಸ್ತ ಮಿತ್ರರಿಗೆ ಈ ಸಂದರ್ಭ ಬೇರೊಂದು ರೂಪದಲ್ಲಿ ಚೆನ್ನಾಗಿ ಪರಿಚಿತವಾದುದೇ. ನಿನ್ನೆಯ ತನಕ ಸರಿಯಾಗಿದ್ದ ಲೆಕ್ಕವು ಇಂದು ತಾಳೆಯಾಗದಿದ್ದರೆ ಯಾರೂ ವರ್ಷದ ಮೊದಲ ಪುಟದಿಂದ ಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲ. ಇಂದು ಬರೆದ ಕಲಮುಗಳನ್ನೇ ಮೊದಲು ನೋಡುತ್ತಾರೆ. ಬಿಚ್ಚಿ ಕಟ್ಟಿದ ಇಂಜಿನಿನ ನ್ಯಾಯವೂ ಅದೇ. ಓಡುತ್ತಿದ್ದ ಗಾಡಿ ದಾರಿಯಲ್ಲಿ ನಿಂತರೆ ಯಾವುದೋ ಸಾಮಾನು ಸವೆದಿದೆ ಅಥವಾ ಮುರಿದಿದೆ ಎಂದು ಸಂಶಯಿಸುವುದು ಸರಿ. ಆದರೆ ಕಟ್ಟಿದ ಮೇಲೆ ಒಮ್ಮೆಯೂ ಓಡದ ಇಂಜಿನಿನಲ್ಲಿ ಬಹುಮಟ್ಟಿಗೆ ತಪ್ಪಿರುವುದು ಕೈ ತಗುಲಿದ ಜಾಗದಲ್ಲಿ. ತಿರುಚಿ ಕೂರಿಸಿದ ಭಾಗವೋ, ಮರೆತುಬಿಟ್ಟ ತಂತಿಯೋ, ಅದಲುಬದಲಾದ ಜೋಡಣೆಯೋ ಅದಾಗಿರುತ್ತದೆ. ಅದನ್ನು ಹುಡುಕಲು ಹಣ ಬೇಡ, ಕ್ರಮ ಬೇಕು. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಬೇಕು, ಪರೀಕ್ಷೆಯಾದುದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು.

ಪದ್ಮಿನಿಯ ಇಂಜಿನು 1089 ಘನ ಸೆಂಟಿಮೀಟರಿನದು. 68 ಮಿಲಿಮೀಟರು ಅಗಲದ ನಾಲ್ಕು ಸಿಲಿಂಡರುಗಳು, ಪ್ರತಿಯೊಂದರಲ್ಲಿ ಪಿಸ್ಟನಿನ ಓಡಾಟ 75 ಮಿಲಿಮೀಟರು. ಪ್ರತಿ ಸಿಲಿಂಡರಿನಲ್ಲೂ ನಾಲ್ಕು ಕೆಲಸಗಳು ಸರದಿಯಂತೆ ನಡೆಯುತ್ತವೆ: ಪೆಟ್ರೋಲು-ಗಾಳಿಯ ಮಿಶ್ರಣವನ್ನು ಸೇದುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಉಗುಳುವುದು. ಈ ನಾಲ್ಕೂ ಮುಗಿಯಲು ಕ್ರ್ಯಾಂಕು ಎರಡು ಸುತ್ತು ತಿರುಗಬೇಕು. ಅದೇ ಹೊತ್ತಿನಲ್ಲಿ ವಾಲ್ವುಗಳನ್ನು ಎತ್ತಿಳಿಸುವ ಕ್ಯಾಮ್ ದಂಡವೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರೂ (ಗ್ಯಾರೇಜಿನವರ ಬಾಯಲ್ಲಿ ‘ಡೆಲ್ಕೋ’) ಒಂದೇ ಸುತ್ತು ತಿರುಗುತ್ತವೆ. ಎರಡಕ್ಕೆ ಒಂದು ಎಂಬ ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ದೊಡ್ಡ ಮೋಸವೊಂದು ಇದರಲ್ಲೇ ಅಡಗಿದೆ.

ಹೋಟೆಲಿನಲ್ಲಿ ಪಂಪಿನ ಸ್ಟೋವು ಹಚ್ಚಿದವರಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ. ಸೀಮೆಎಣ್ಣೆ ಮೇಲೇರಬೇಕು, ಒಳಗೆ ಒತ್ತಡ ನಿಲ್ಲಬೇಕು, ಸರಿಯಾದ ಹೊತ್ತಿಗೆ ಕಡ್ಡಿ ಗೀರಬೇಕು. ಮೂರರಲ್ಲಿ ಒಂದು ತಪ್ಪಿದರೂ ಸ್ಟೋವು ಹತ್ತುವುದಿಲ್ಲ, ಇಲ್ಲವೆ ಭುಗಿಲೆಂದು ಮೀಸೆ ಸುಡುತ್ತದೆ. ಇಂಜಿನಿಗೂ ಬೇಕಾದವು ಇವೇ: ಕಿಡಿ, ಪೆಟ್ರೋಲು, ಒತ್ತಡ, ಇವು ಕೂಡುವ ಹೊತ್ತು.

ಸ್ಪ್ಯಾನರು ಹಿಡಿಯುವುದಕ್ಕೆ ಮುಂಚೆ ಕಿವಿಗೊಟ್ಟು ಕೇಳಬೇಕು. ಕೀಲಿ ತಿರುಗಿಸಿದಾಗ ಸೆಲ್ಫು ಮೋಟಾರು ನರಳುತ್ತ ನಿಧಾನವಾಗಿ ತಿರುಗಿದರೆ ಸಂಶಯ ಬ್ಯಾಟರಿಯ ಮೇಲೆ, ಅರ್ಥ್ ಪಟ್ಟಿಯ ಮೇಲೆ. ಅಡ್ಡಿಯೇ ಇಲ್ಲದಂತೆ ಸರ್ರನೆ ಒಂದೇ ಸಮನೆ ತಿರುಗಿದರೆ ಒಳಗೆ ಒತ್ತಡವಿಲ್ಲ. ಕಾರ್ಬುರೇಟರಿನ ಬಾಯಿಂದ ಕೆಮ್ಮಿದರೆ, ಸೈಲೆನ್ಸರಿನಲ್ಲಿ ಢಮ್ಮೆಂದು ಸಿಡಿದರೆ, ಕಿಡಿ ಇದೆ, ಪೆಟ್ರೋಲೂ ಇದೆ, ಹೊತ್ತು ಮಾತ್ರ ತಪ್ಪಿದೆ. ಏನೊಂದೂ ಮಾತಾಡದೆ ತಿರುಗುತ್ತಲೇ ಇದ್ದರೆ ಪ್ಲಗ್ಗನ್ನು ಕಳಚಿ ನೋಡಬೇಕು: ಒಣಗಿದ್ದರೆ ಪೆಟ್ರೋಲು ತಲುಪಿಲ್ಲ, ಒದ್ದೆಯಾಗಿದ್ದರೆ ಕಿಡಿ ತಲುಪಿಲ್ಲ. ಇಷ್ಟನ್ನು ತಿಳಿಯಲು ಐದು ನಿಮಿಷ ಸಾಕು. ಈ ಐದು ನಿಮಿಷವನ್ನು ಉಳಿಸಲು ಹೋಗಿ ಐದು ವಾರ ಕಳೆದವರನ್ನು ನಾವು ಕಂಡಿದ್ದೇವೆ.

ಅರ್ಥ್ ಪಟ್ಟಿಯ ವಿಷಯ ಚಿಕ್ಕದಾದರೂ ಅನೇಕರನ್ನು ಕಾಡಿದೆ. ಇಂಜಿನು ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಇಂಜಿನಿಗೂ ಗಾಡಿಯ ಮೈಗೂ ನಡುವೆ ಒಂದು ಹೆಣೆದ ತಂತಿಯ ಪಟ್ಟಿ ಇರುತ್ತದೆ. ಇಂಜಿನನ್ನು ಕೂರಿಸುವಾಗ ಅದನ್ನು ಮರೆಯುವುದುಂಟು. ಮರೆಯದಿದ್ದರೂ ಚೆಂದಕ್ಕೆಂದು ಹೊಡೆದ ಹೊಸ ಬಣ್ಣದ ಮೇಲೆಯೇ ಬಿಗಿಯುವುದುಂಟು. ಬಣ್ಣದ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಆಗ ಸೆಲ್ಫಿಗೆ ಬೇಕಾದ ಭಾರಿ ಪ್ರವಾಹವು ಚೋಕಿನ ತಂತಿಯನ್ನೋ ಆಕ್ಸಿಲರೇಟರಿನ ತಂತಿಯನ್ನೋ ದಾರಿ ಮಾಡಿಕೊಳ್ಳುತ್ತದೆ, ಅವು ಕೈಗೆ ಬಿಸಿ ತಗುಲುತ್ತವೆ. ಪಟ್ಟಿಯ ಕೆಳಗಿನ ಬಣ್ಣವನ್ನು ಕೆರೆದು ಬಿಳಿಯ ಲೋಹ ಕಾಣಿಸಿ ಬಿಗಿದರೆ ತೀರಿತು. ಬ್ಯಾಟರಿ 12 ವೋಲ್ಟಿನದು. ಹೊಸದಾಗಿ ಕಟ್ಟಿದ ಇಂಜಿನು ಬಿಗಿಯಾಗಿರುವುದರಿಂದ ಸೆಲ್ಫು ಹೆಚ್ಚು ಎಳೆಯುತ್ತದೆ. ತಿರುಗಿಸುವಾಗ ಮೀಟರಿನ ಮುಳ್ಳು ಒಂಬತ್ತೂವರೆಗಿಂತ ಕೆಳಗಿಳಿದರೆ ಸೆಲ್ಫು ತಿರುಗಿದರೂ ಕಾಯಿಲಿಗೆ ಬಲ ಉಳಿಯುವುದಿಲ್ಲ.

ಈಗ ಕಿಡಿಯ ಪರೀಕ್ಷೆ. ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ತಂತಿಯನ್ನು ಕಳಚಿ, ಹಿಡಿಕೆಗೆ ರಬ್ಬರು ಸುತ್ತಿದ ಇಕ್ಕಳದಿಂದ ಹಿಡಿದು, ಅದರ ತುದಿಯನ್ನು ಇಂಜಿನಿನ ಲೋಹಕ್ಕೆ ಅರ್ಧ ಸೆಂಟಿಮೀಟರಿನಷ್ಟು ದೂರದಲ್ಲಿಟ್ಟು ಇಂಜಿನನ್ನು ತಿರುಗಿಸಬೇಕು. ಹತ್ತಿರದಲ್ಲಿ ಪೆಟ್ರೋಲು ಚೆಲ್ಲಿರಬಾರದು, ತೆರೆದ ಪ್ಲಗ್ಗಿನ ತೂತೂ ಇರಬಾರದು. ಚಟ್ ಚಟ್ಟೆಂದು ನೀಲಿಯ ಕಿಡಿ ಹಾರಿದರೆ ಕಾಯಿಲು ಕೆಲಸ ಮಾಡುತ್ತಿದೆ. ಅದನ್ನು ಬದಲಾಯಿಸುವ ಮಾತು ಅಲ್ಲಿಗೇ ನಿಲ್ಲಬೇಕು. ಕಿಡಿ ಹಾರದಿದ್ದರೆ ಒಂದು ಸಣ್ಣ ದೀಪಕ್ಕೆ ಎರಡು ತಂತಿ ಕಟ್ಟಿ, ಒಂದನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ತಂತಿಯ ತುದಿಗೂ ಇನ್ನೊಂದನ್ನು ಇಂಜಿನಿನ ಲೋಹಕ್ಕೂ ಮುಟ್ಟಿಸಿ, ಕೀಲಿ ಹಾಕಿ, ಇಂಜಿನನ್ನು ಮೆಲ್ಲಗೆ ತಿರುಗಿಸಬೇಕು. ಪಾಯಿಂಟು ತೆರೆದಾಗ ದೀಪ ಹತ್ತಬೇಕು, ಮುಚ್ಚಿದಾಗ ಆರಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟುಗಳು ಕೂಡುತ್ತಿಲ್ಲ. ಹೊಸ ಪಾಯಿಂಟಿಗೆ ತುಕ್ಕು ಹಿಡಿಯದಿರಲೆಂದು ಕಾರಖಾನೆಯವರು ಹಚ್ಚಿದ ಜಿಡ್ಡೇ ಇದಕ್ಕೆ ಕಾರಣವಾಗಿರುವುದುಂಟು. ಪೆಟ್ರೋಲಿನಲ್ಲಿ ಅದ್ದಿದ ಒಂದು ಕಾಗದದ ಚೂರಿನಿಂದ ಒರೆಸಿ, ಒಣಗಿದ ಮೇಲೆ ಕೀಲಿ ಹಾಕಿದರೆ ಸಾಕು. ದೀಪವು ಒಮ್ಮೆಯೂ ಹತ್ತದಿದ್ದರೆ ಮೊದಲು ಕಾಯಿಲಿಗೆ ಕರೆಂಟು ಬರುತ್ತಿದೆಯೇ ನೋಡಬೇಕು. ಬರುತ್ತಿದ್ದರೆ ಪಾಯಿಂಟಿನ ತಂತಿ ಎಲ್ಲಿಯೋ ಲೋಹಕ್ಕೆ ತಗುಲಿದೆ ಎಂದರ್ಥ. ಪಾಯಿಂಟಿನ ಮೊಳೆಗೆ ಹಾಕುವ ಪುಟ್ಟ ನಾರಿನ ಬಿಲ್ಲೆಗಳನ್ನು ಹಿಂದುಮುಂದಾಗಿ ಜೋಡಿಸಿದರೂ ಹೀಗಾಗುತ್ತದೆ. ಪಾಯಿಂಟಿನ ತೆರಪು ಮಿಲಿಮೀಟರಿನ ಅರ್ಧಕ್ಕಿಂತ ತುಸು ಕಡಿಮೆ ಇರಬೇಕು. ಕಣ್ಣಳತೆ ಸಾಲದು, ಫೀಲರ್ ಪಟ್ಟಿಯಿಂದಲೇ ಅಳೆಯಬೇಕು.

ಕಾಯಿಲಿನಿಂದ ಕಿಡಿ ಬಂದು ಪ್ಲಗ್ಗಿಗೆ ಬಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ರೋಟರು ಇದೆಯೇ ನೋಡಬೇಕು. ವಾಚಕರು ನಗಬಾರದು, ಒರೆಸಲೆಂದು ಕಳಚಿದ ರೋಟರು ಮೇಜಿನ ಮೇಲೆಯೇ ಉಳಿದು, ಗಾಡಿಯನ್ನು ಇಡೀ ದಿನ ತಳ್ಳಿಸಿದ ಪ್ರಸಂಗಗಳು ಗ್ಯಾರೇಜುಗಳಲ್ಲಿ ಅಪರೂಪವಲ್ಲ. ಅನಂತರ ನಾಲ್ಕು ತಂತಿಗಳ ಕ್ರಮ. ಫ್ಯಾನಿನ ಕಡೆಯಿಂದ ಎಣಿಸಿದರೆ ಒಂದು, ಮೂರು, ನಾಲ್ಕು, ಎರಡು: ಈ ಸರದಿಯಲ್ಲಿ ಸಿಲಿಂಡರುಗಳು ಉರಿಯಬೇಕು. ರೋಟರು ತಿರುಗುವ ದಿಕ್ಕನ್ನು ಕಣ್ಣಾರೆ ನೋಡಿ, ಆ ದಿಕ್ಕಿನಲ್ಲೇ ಈ ಸರದಿಯಿಂದ ತಂತಿಗಳನ್ನು ಸಿಕ್ಕಿಸಬೇಕು.

ಇಷ್ಟೆಲ್ಲ ಸರಿಯಿದ್ದೂ ಹೊರಡದ ಒಂದು ಗಾಡಿಯ ಕಥೆಯನ್ನು ಇಲ್ಲಿ ಹೇಳಬೇಕು. ನಮಗೆ ಪರಿಚಿತರಾದ ಒಬ್ಬ ನಿವೃತ್ತ ಗುಮಾಸ್ತರು ತಮ್ಮ ಪದ್ಮಿನಿಯನ್ನು ಉಪನಗರದ ಒಂದು ಗ್ಯಾರೇಜಿಗೆ ಕೊಟ್ಟು ಇಂಜಿನು ಕಟ್ಟಿಸಿದ್ದರು. ಭವಿಷ್ಯನಿಧಿಯಿಂದ ಉಳಿದ ಹಣದಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ನೋಂದಣಿಯ ಅವಧಿ ತೀರಲು ತಿಂಗಳಿತ್ತು. ಇಂಜಿನು ಹೊರಡಲಿಲ್ಲ, ಒಮ್ಮೊಮ್ಮೆ ಕಾರ್ಬುರೇಟರಿನಿಂದ ಬುಸ್ಸೆನ್ನುತ್ತಿತ್ತು, ಅಷ್ಟೇ. ಗ್ಯಾರೇಜಿನವರು ಮೂರು ವಾರಗಳಲ್ಲಿ ಕಾಯಿಲು, ಕಂಡೆನ್ಸರು, ಪೆಟ್ರೋಲ್ ಪಂಪು ಎಲ್ಲವನ್ನೂ ಬದಲಾಯಿಸಿ, ಕಡೆಗೆ ಇಂಜಿನನ್ನು ಇಳಿಸಿ ಮತ್ತೆ ಬಿಚ್ಚಲು ಇನ್ನಷ್ಟು ಹಣ ಕೇಳಿದರು. ಮನೆಯವರು ‘ಗುಜರಿಗೆ ಹಾಕಿಬಿಡಿ’ ಎಂದರು. ಗುಮಾಸ್ತರಿಗೆ ಊಟ ಸೇರದಾಯಿತು.

ಆಗ ಯಾರೋ ಕುಂದಾಪುರದ ಕಡೆಯ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಟ್ಯಾಕ್ಸಿಗಳ ಇಂಜಿನು ಕಟ್ಟುವುದರಲ್ಲಿಯೇ ಆಯುಷ್ಯ ಕಳೆದ ಮುದುಕರು. ಕೈಯಲ್ಲಿ ಒಂದು ಪ್ಲಗ್ ಸ್ಪ್ಯಾನರಿನ ಹೊರತು ಏನೂ ಇರಲಿಲ್ಲ. ಮೊದಲನೆಯ ಸಿಲಿಂಡರಿನ ಪ್ಲಗ್ಗು ಕಳಚಿ, ತೂತಿಗೆ ಹೆಬ್ಬೆರಳು ಒತ್ತಿಟ್ಟು, ಮುಂದಿನ ಪುಲ್ಲಿಯನ್ನು ಮೆಲ್ಲಗೆ ತಿರುಗಿಸಲು ಹೇಳಿದರು. ಗಾಳಿ ಬೆರಳನ್ನು ನೂಕಿದ ಕೂಡಲೇ ‘ನಿಲ್ಲಿಸಿ’ ಎಂದರು. ಪುಲ್ಲಿಯ ಗುರುತು ಕೂಡುವಂತೆ ತುಸು ಹೊಂದಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಎತ್ತಿ ನೋಡಿದರು. ರೋಟರಿನ ಮೂತಿ ಮೊದಲನೆಯ ತಂತಿಯ ಕಡೆಗಿರಲಿಲ್ಲ. ಸರಿಯಾಗಿ ಎದುರು ದಿಕ್ಕಿನಲ್ಲಿ, ನಾಲ್ಕನೆಯ ತಂತಿಯ ಕಡೆಗಿತ್ತು.

‘ರಾಯರೇ, ನಿಮ್ಮ ಇಂಜಿನಿಗೆ ಏನೂ ಆಗಿಲ್ಲ. ಉರಿಯಬೇಕಾದಾಗ ಕಿಡಿ ಇಲ್ಲ, ಉಗುಳುವಾಗ ಕಿಡಿ ಬರ್ತದೆ.’

‘ಹಾಗಾದರೆ ಮತ್ತೆ ಬಿಚ್ಚಬೇಕೇ, ಮೇಸ್ತ್ರಿಗಳೇ?’

‘ಎಂಥದಕ್ಕೆ? ತಂತಿ ಬದಲು ಮಾಡಿದರಾಯ್ತು.’

ಒಂದನೆಯ ತಂತಿಯ ಜಾಗಕ್ಕೆ ನಾಲ್ಕನೆಯದು, ನಾಲ್ಕರ ಜಾಗಕ್ಕೆ ಒಂದು. ಎರಡರ ಜಾಗಕ್ಕೆ ಮೂರು, ಮೂರರ ಜಾಗಕ್ಕೆ ಎರಡು. ಕೀಲಿ ತಿರುಗಿಸಿದರೆ ಎರಡನೆಯ ಸುತ್ತಿಗೇ ಇಂಜಿನು ಹೊರಟಿತು. ಖರ್ಚು ಒಂದು ಕಾಸೂ ಇಲ್ಲ.

ಇದಕ್ಕೆ ಕಾರಣ ನಾವು ಮೇಲೆ ಹೇಳಿದ ಎರಡಕ್ಕೊಂದರ ಲೆಕ್ಕ. ಮೊದಲನೆಯ ಪಿಸ್ಟನು ಎರಡು ಸುತ್ತುಗಳಲ್ಲಿ ಎರಡು ಸಲ ತುದಿಗೇರುತ್ತದೆ: ಒಮ್ಮೆ ಒತ್ತಿದ ಬಳಿಕ, ಇನ್ನೊಮ್ಮೆ ಉಗುಳಿದ ಬಳಿಕ. ಪುಲ್ಲಿಯ ಮೇಲಿನ ಗುರುತು ಎರಡು ಸಲವೂ ಒಂದೇ ಜಾಗದಲ್ಲಿ ಕೂಡುತ್ತದೆ. ಗುರುತನ್ನು ಮಾತ್ರ ನಂಬಿ ಡಿಸ್ಟ್ರಿಬ್ಯೂಟರನ್ನು ಇಳಿಸಿದವನಿಗೆ ಅರ್ಧ ಸುತ್ತು ತಪ್ಪುವ ಸಂಭವವು ನಾಣ್ಯ ಚಿಮ್ಮಿದಷ್ಟೇ. ಬೆರಳಿನ ಪರೀಕ್ಷೆ ಬೇಡವೆನ್ನುವವರು ಮೇಲಿನ ರಾಕರ್ ಮುಚ್ಚಳ ತೆಗೆದು ನೋಡಬಹುದು: ಗುರುತು ಕೂಡಿದಾಗ ನಾಲ್ಕನೆಯ ಸಿಲಿಂಡರಿನ ಎರಡು ವಾಲ್ವುಗಳು ಒಂದು ಮುಚ್ಚುತ್ತ ಒಂದು ತೆರೆಯುತ್ತ ಅಲುಗುತ್ತಿದ್ದರೆ, ಮೊದಲನೆಯದು ಉರಿಯಲು ಸಿದ್ಧವಾಗಿದೆ. ಮೊದಲನೆಯದರ ವಾಲ್ವುಗಳೇ ಅಲುಗುತ್ತಿದ್ದರೆ ಕ್ರ್ಯಾಂಕನ್ನು ಇನ್ನೊಂದು ಪೂರ್ಣ ಸುತ್ತು ತಿರುಗಿಸಬೇಕು. ತಂತಿ ಬದಲಿಸುವುದರಿಂದ ಕೆಲಸವೇನೋ ಆಗುತ್ತದೆ. ಮುಂದೆ ಬೇರೊಬ್ಬ ಮೇಸ್ತ್ರಿಗೆ ಗೊಂದಲವಾಗದಿರಲು ಬಿಡುವಾದಾಗ ಡಿಸ್ಟ್ರಿಬ್ಯೂಟರನ್ನೇ ಸರಿಯಾಗಿ ಕೂರಿಸುವುದು ಮೇಲು.

ಪೆಟ್ರೋಲಿನ ವಿಚಾರ. ತಿಂಗಳುಗಟ್ಟಲೆ ಬಿಚ್ಚಿಟ್ಟ ಗಾಡಿಯ ಟಾಂಕಿಯಲ್ಲಿರುವ ಪೆಟ್ರೋಲು ಹಳಸಿರುತ್ತದೆ. ಅದನ್ನು ಪೂರ್ತಿ ಬಸಿದು ಹೊಸದನ್ನು ಹಾಕುವುದು ಉತ್ತಮ. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆರೆಸುವ ಇಥೆನಾಲಿನ ಪ್ರಮಾಣವು 2025ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಇಥೆನಾಲು ನೀರನ್ನು ಹೀರುತ್ತದೆ. ಮಳೆಗಾಲದ ಮುಂಬಯಿಯಲ್ಲಿ ನಿಂತ ಟಾಂಕಿಯೊಳಗೆ ಅದು ನೀರಿನೊಡನೆ ತಳಕ್ಕಿಳಿಯುವುದುಂಟು. ಪಂಪು ಎಳೆಯುವುದು ಆ ತಳದಿಂದಲೇ. ಪದ್ಮಿನಿಯ ಕಾಲದ ರಬ್ಬರು ಕೊಳವೆಗಳೂ ಪಂಪಿನ ಪೊರೆಯೂ ಇಂಥ ಪೆಟ್ರೋಲಿಗಾಗಿ ಮಾಡಿದವಲ್ಲ, ಮೆತ್ತಗಾಗಿ ಸೋರುತ್ತವೆ. ಇಂಜಿನು ಕಟ್ಟಲು ಸಾವಿರಗಟ್ಟಲೆ ಸುರಿದವರು ಒಂದು ಗಜ ಹೊಸ ಕೊಳವೆಗೆ ಜಿಪುಣತನ ಮಾಡುವುದು ನಮಗೆ ಅರ್ಥವಾಗುವುದಿಲ್ಲ.

ಪೆಟ್ರೋಲು ಬರುತ್ತಿದೆಯೇ ಎಂದು ತಿಳಿಯಲು ಮೊದಲು ಕಾಯಿಲಿನ ತಂತಿಯನ್ನು ಕಳಚಿಡಬೇಕು, ಕಿಡಿ ಹಾರಬಾರದು. ಆಮೇಲೆ ಕಾರ್ಬುರೇಟರಿಗೆ ಹೋಗುವ ಕೊಳವೆಯನ್ನು ಒಂದು ಬಾಟ್ಲಿಯೊಳಗಿಟ್ಟು ಇಂಜಿನನ್ನು ತಿರುಗಿಸಿದರೆ ಪಂಪು ಮಿಡಿಮಿಡಿದು ಸುರಿಯಬೇಕು. ಸುರಿಯದಿದ್ದರೆ, ಪಂಪು ಹೊಸದಾಗಿದ್ದರೂ, ಅದರ ಬುಡಕ್ಕೆ ಹಾಕಿದ ಪ್ಯಾಕಿಂಗು ದಪ್ಪವಾಗಿ ಕ್ಯಾಮಿನ ತಳ್ಳು ತಲುಪದೆ ಹೋಗಿರಬಹುದು. ಮೊದಲ ಸಲ ಕಾರ್ಬುರೇಟರಿನ ಬಟ್ಟಲು ಒಣಗಿರುವುದರಿಂದ ಅದು ತುಂಬುವ ತನಕ ಹಲವು ಸುತ್ತು ಬೇಕಾಗುವುದು ಸಹಜ. ತಣ್ಣಗಿನ ಇಂಜಿನಿಗೆ ಚೋಕಿನ ಬಿಲ್ಲೆ ಪೂರ್ತಿ ಮುಚ್ಚಬೇಕು. ಡ್ಯಾಶ್‌ಬೋರ್ಡಿನ ಗುಬುಟು ಎಳೆದರೆ ಸಾಲದು, ಬಾನೆಟ್ಟಿನ ಕೆಳಗೆ ಬಿಲ್ಲೆ ಅಲುಗುವುದನ್ನು ಕಣ್ಣಿನಿಂದ ನೋಡಬೇಕು.

ಕೆಲವರು ಬೇಸತ್ತು ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿದು, ಒಬ್ಬನು ಕೀಲಿ ತಿರುಗಿಸುವಾಗ ಇನ್ನೊಬ್ಬನು ಬಗ್ಗಿ ನೋಡುತ್ತಾನೆ. ಹೊತ್ತು ತಪ್ಪಿದ ಇಂಜಿನು ಆ ಬಾಯಿಂದಲೇ ಬೆಂಕಿ ಉಗುಳುತ್ತದೆ. ಮುಖ, ಕೂದಲು, ಪಕ್ಕದಲ್ಲಿಟ್ಟ ಡಬ್ಬಿ ಎಲ್ಲವೂ ಹತ್ತಿಕೊಳ್ಳಲು ಒಂದು ಕ್ಷಣ ಸಾಕು. ಅಡುಗೆ ಮನೆಯಲ್ಲಿ ಕಾದ ಎಣ್ಣೆಯ ಬಾಣಲೆಯೊಡನೆ ಬದುಕಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಸುರಿಯುವುದೇ ಬೇಡ, ಪಂಪಿನ ಕೆಳಗಿನ ಕೈಹಿಡಿಯಿದ್ದರೆ ಅದರಿಂದ ಬಟ್ಟಲು ತುಂಬಿಸಬಹುದು. ಬೆಂಕಿ ಆರಿಸುವ ಪುಡಿಯ ಸಿಲಿಂಡರು ಕೈಗೆಟುಕುವಲ್ಲಿರಬೇಕು. ನೀರು ಹಾಕಬಾರದು.

ಕಿಡಿ, ಪೆಟ್ರೋಲು, ಹೊತ್ತು ಮೂರೂ ಸರಿಯಿದ್ದು ಇಂಜಿನು ಹೊರಡದಿದ್ದರೆ ಮಾತ್ರ ಒತ್ತಡದ ಕಡೆಗೆ ಹೋಗತಕ್ಕದ್ದು. ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಕಾಯಿಲಿನ ತಂತಿ ಕಳಚಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಕಂಪ್ರೆಷನ್ ಮೀಟರಿನಿಂದ ಒಂದೊಂದನ್ನೂ ಅಳೆಯಬೇಕು. ನಾಲ್ಕರ ಅಂಕಿಗಳು ಹತ್ತಿರ ಹತ್ತಿರ ಇವೆಯೇ ಎಂಬುದೇ ಮುಖ್ಯ. ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗುಗಳು ಇನ್ನೂ ಕೂತಿಲ್ಲ ಎಂದರ್ಥ. ಹೊಸ ರಿಂಗು, ಒಣಗಿದ ಗೋಡೆ ಇದ್ದಲ್ಲಿ ಇದಕ್ಕೆ ಗಾಬರಿ ಬೇಡ. ಏರದಿದ್ದರೆ ವಾಲ್ವು ಕೂರುತ್ತಿಲ್ಲ. ಟ್ಯಾಪೆಟ್ಟಿನ ತೆರಪು ತೀರ ಬಿಗಿಯಾಗಿದ್ದರೆ ವಾಲ್ವು ಎಂದಿಗೂ ಪೂರ್ತಿ ಮುಚ್ಚದು, ಅದನ್ನು ಮೊದಲು ನೋಡಬೇಕು. ಅಕ್ಕಪಕ್ಕದ ಎರಡೂ ಕಡಿಮೆಯಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ. ನಾಲ್ಕೂ ಒಂದೇ ಸಮನೆ ತೀರ ಕಡಿಮೆಯಿದ್ದು ಎಣ್ಣೆಗೂ ಏರದಿದ್ದರೆ ಕ್ಯಾಮಿನ ಚೈನು ಹಲ್ಲು ತಪ್ಪಿ ಕೂತಿದೆ. ಆಗ ಮುಂದಿನ ಮುಚ್ಚಳ ಬಿಚ್ಚದೆ ಗತ್ಯಂತರವಿಲ್ಲ. ಇಂಜಿನನ್ನು ಬಿಚ್ಚುವ ಮಾತು ಸರದಿಯಲ್ಲಿ ಇಷ್ಟು ಕೊನೆಗೆ ಬರಬೇಕು. ಅದನ್ನು ಮೊದಲೇ ಆಡುವ ಗ್ಯಾರೇಜಿನವರನ್ನು ‘ಒತ್ತಡ ಅಳೆದಿರಾ? ಅಂಕಿ ಎಷ್ಟು?’ ಎಂದು ಕೇಳುವ ಹಕ್ಕು ಯಜಮಾನನಿಗಿದೆ.

ಪರೀಕ್ಷೆಯ ಕಾಲದಲ್ಲಿ ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬಾರದು. ನಡುವೆ ಒಂದು ನಿಮಿಷ ಬಿಡುವು ಬೇಕು. ಮೋಟಾರು ಕಾಯುವುದಷ್ಟೇ ಅಲ್ಲ, ಹೊಸ ಬೇರಿಂಗುಗಳಲ್ಲಿ ಕಟ್ಟುವಾಗ ಹಚ್ಚಿದ ಎಣ್ಣೆ ಒರಸಿಹೋಗುತ್ತದೆ, ಅತಿಯಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ಆದುದರಿಂದ ಪ್ಲಗ್ಗುಗಳನ್ನು ಕಳಚಿ ಮೊದಲು ಎಣ್ಣೆಯ ಒತ್ತಡ ಏರಿತೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊರಡಿಸುವ ಯತ್ನ ಮಾಡಬೇಕು.

ಇಂಜಿನು ಹೊರಟ ಕೂಡಲೇ ಎಣ್ಣೆಯ ದೀಪ ಆರಿತೇ ನೋಡಬೇಕು. ಕೆಲವು ಸೆಕೆಂಡುಗಳಲ್ಲಿ ಆರದಿದ್ದರೆ ನಿಲ್ಲಿಸಬೇಕು. ಹೊಸ ಕ್ಯಾಮು, ಹೊಸ ಟ್ಯಾಪೆಟ್ಟು ಹಾಕಿದ್ದರೆ ಮಂದಗತಿಯಲ್ಲಿ ಬಿಡದೆ ನಿಮಿಷಕ್ಕೆ ಒಂದೂವರೆಯಿಂದ ಎರಡು ಸಾವಿರ ಸುತ್ತಿನ ವೇಗದಲ್ಲಿ ಸುಮಾರು ಇಪ್ಪತ್ತು ನಿಮಿಷ ಓಡಿಸಬೇಕು. ನೀರಿನ ಬಿಸಿಯ ಮೇಲೆ ಕಣ್ಣಿರಬೇಕು. ಪೂರ್ತಿ ತಣಿದ ಮೇಲೆ ಹೆಡ್ಡಿನ ಬೋಲ್ಟುಗಳನ್ನು ಕ್ರಮ ಪ್ರಕಾರ ಇನ್ನೊಮ್ಮೆ ಬಿಗಿದು, ಟ್ಯಾಪೆಟ್ಟಿನ ತೆರಪನ್ನು ಮತ್ತೆ ಅಳೆಯಬೇಕು. ಮೊದಲ ಐನೂರು ಕಿಲೋಮೀಟರು ಘಟ್ಟ ಹತ್ತಿಸಬಾರದು, ಭಾರ ಹೇರಬಾರದು. ಐನೂರು ತುಂಬಿದಾಗ ಎಣ್ಣೆಯನ್ನು ಬಿಸಿಯಿರುವಾಗಲೇ ಬಸಿದು ಹೊಸದನ್ನು ಹಾಕತಕ್ಕದ್ದು.